ಮರೆಯಾಗುವ ಜಾಲಪುಟಗಳನ್ನು ಆಯ್ದು ಕಾಪಿಡುವ ಬಗೆ

ಬೀಸುವ ಕಲ್ಲು ಮನೆಯ ಮೂಲೆ ಸೇರಿ ಬಹುಕಾಲವಾಯಿತು. ನಸುಕಿನಲ್ಲಿ ಅದರ ಮುಂದೆ ಕುಳಿತು ಹಾಡುತ್ತಿದ್ದ ತಾಯಂದಿರ ಕಂಠಗಳೂ ಒಂದೊಂದಾಗಿ ಮೌನವಾದವು. ನಮ್ಮ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು, ಊರವರೆಲ್ಲ ಮಾಸ್ತರರೆಂದೇ ಕರೆಯುವ ಹಿರಿಯರು, ಆ ಮೌನ ಪೂರ್ಣವಾಗುವ ಮುನ್ನವೇ ಎಚ್ಚೆತ್ತು ಹಳ್ಳಿ ಹಳ್ಳಿ ತಿರುಗಿ ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳನ್ನು ಬರೆದುಕೊಂಡರು. ಕೂರಿಗೆ, ಕುಂಟೆ, ರಂಟೆ ಮೊದಲಾದ ಒಕ್ಕಲುತನದ ಪರಿಕರಗಳ, ಕಾಳು ತುಂಬಿಡುತ್ತಿದ್ದ ಹಗೇವುಗಳ ಛಾಯಾಚಿತ್ರಗಳನ್ನು ತೆಗೆದರು. 2004ರ ಸುಮಾರಿಗೆ ಬಂಧುಗಳೊಬ್ಬರ ನೆರವಿನಿಂದ ಅವೆಲ್ಲವನ್ನೂ ಅಂತರಜಾಲದಲ್ಲಿ, ಹಣ ಕೇಳದೆ ಸ್ಥಳ ಕೊಡುತ್ತಿದ್ದ ಒಂದು ಸಂಸ್ಥೆಯ ತಾಣದಲ್ಲಿ ಇರಿಸಿದರು. ಬರೆದ ನೋಟುಬುಕ್ಕುಗಳು ಮುಂದೆ ಗೆದ್ದಲಿನ ಪಾಲಾದಾಗಲೂ ಅವರು ಎದೆಗುಂದಲಿಲ್ಲ. "ಇಂಟರ್‌ನೆಟ್ಟಿನ್ಯಾಗ ಐತಲ್ಲ, ಅದಕ್ಕ ಗೆದ್ದಲಾ ಹತ್ತೂದುಲ್ಲ" ಎಂದು ನಮ್ಮೆದುರಿಗೇ ನಕ್ಕು ನುಡಿದಿದ್ದರು.

ಕೆಲವು ವರ್ಷಗಳು ಕಳೆದ ಮೇಲೆ ಆ ಸಂಸ್ಥೆ ತನ್ನ ಉಚಿತ ಸೇವೆಯನ್ನು ನಿಲ್ಲಿಸಿತು. ಮುನ್ಸೂಚನೆಯ ಪತ್ರ ಬಂದದ್ದು ಮಾಸ್ತರರು ಎಂದೋ ಬಳಸುವುದನ್ನು ಬಿಟ್ಟಿದ್ದ ಇ-ಅಂಚೆಯ ವಿಳಾಸಕ್ಕೆ. ಒಂದು ದಿನ ಮೊಮ್ಮಗನಿಗೆ ತೋರಿಸಲೆಂದು ಪುಟವನ್ನು ತೆರೆಯಹೋದರೆ ಅಲ್ಲಿ ಏನೂ ಇರಲಿಲ್ಲ. ಇಪ್ಪತ್ತು ವರ್ಷಗಳ ಪರಿಶ್ರಮ ಒಂದು ಬಿಳಿಯ ಪರದೆಯಾಗಿತ್ತು. ಆ ಮೇಲೆ ನಡೆದದ್ದೇನು, ಕಳೆದುಹೋದುದರಲ್ಲಿ ಎಷ್ಟು ಮರಳಿತು, ಹೇಗೆ ಮರಳಿತು ಎಂಬುದನ್ನು ಓದುಗ ಬಂಧುಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ವಿಷಯ ತಾಂತ್ರಿಕವಾದುದು ನಿಜ. ಆದರೆ ಮೊರವನ್ನು ಹಿಡಿದು ಕಾಳು ಕೇರಬಲ್ಲವರಾರಿಗೂ ಇದು ಅರ್ಥವಾಗದ ವಿದ್ಯೆಯಲ್ಲ.

ಅಂತರಜಾಲಕ್ಕೂ ಮರೆವುಂಟು

ಜನೀವಾ ನಗರದ ಸಮೀಪದ ಸರ್ನ್ ಎಂಬ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಾಲಪುಟಗಳ ಯೋಜನೆಯನ್ನು ಮಂಡಿಸಿದ್ದು 1989ರಲ್ಲಿ. 1991ರಲ್ಲಿ ಅದು ಲೋಕಕ್ಕೆ ತೆರೆದುಕೊಂಡಿತು. 1993ರಲ್ಲಿ ಆ ಕೇಂದ್ರವು ಯಾವ ಶುಲ್ಕವನ್ನೂ ಕೇಳದೆ ಆ ವಿದ್ಯೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಇಂತಹ ಔದಾರ್ಯದಿಂದ ಬೆಳೆದ ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಮೊದಲಿನಿಂದಲೂ ಉಳಿದಿದೆ. ಪುಟವನ್ನು ಇಟ್ಟವನು ಅದನ್ನು ತೆಗೆದರೆ, ಅಥವಾ ಸ್ಥಳ ಕೊಟ್ಟವನು ಬಾಗಿಲು ಮುಚ್ಚಿದರೆ, ಆ ಪುಟದ ಇನ್ನೊಂದು ಪ್ರತಿ ತಾನಾಗಿ ಎಲ್ಲಿಯೂ ಉಳಿಯುವುದಿಲ್ಲ. ಮುದ್ರಿತ ಪುಸ್ತಕದ ಸಾವಿರ ಪ್ರತಿಗಳಲ್ಲಿ ಹತ್ತಾದರೂ ಯಾರ ಮನೆಯ ಅಟ್ಟದಲ್ಲಾದರೂ ದೊರೆತೀತು. ಜಾಲಪುಟಕ್ಕೆ ಆ ಭಾಗ್ಯವಿಲ್ಲ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ಜಾಲಪುಟಗಳ ಪೈಕಿ ಶೇಕಡಾ 38ರಷ್ಟು ಹತ್ತು ವರ್ಷಗಳ ತರುವಾಯ ದೊರೆಯದಾಗಿದ್ದವು. ಜಿಯೋಸಿಟೀಸ್ ಎಂಬ ತಾಣದ ಕಥೆ ಇನ್ನೂ ದೊಡ್ಡದು. 1994ರಲ್ಲಿ ಆರಂಭವಾದ ಅದರಲ್ಲಿ ಲೋಕದ ಲಕ್ಷಾಂತರ ಸಾಮಾನ್ಯ ಜನ ತಮ್ಮ ಮನೆ, ಮಕ್ಕಳು, ಹವ್ಯಾಸ, ಊರುಗಳ ಕುರಿತು ಪುಟಗಳನ್ನು ಕಟ್ಟಿಕೊಂಡಿದ್ದರು. 1999ರಲ್ಲಿ ಯಾಹೂ ಕಂಪನಿ ಅದನ್ನು ಕೊಂಡಿತು. 2009ರ ಅಕ್ಟೋಬರ್ 26ರಂದು, ಜಪಾನಿನ ವಿಭಾಗವೊಂದನ್ನುಳಿದು, ಮುಚ್ಚಿತು. ಮುಚ್ಚುವ ಸುದ್ದಿ ತಿಳಿದೊಡನೆ ಜೇಸನ್ ಸ್ಕಾಟ್ ಮತ್ತು ಅವರ ಸಂಗಡಿಗರು ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಬಳಗದ ಮೂಲಕ ಹಗಲಿರುಳು ಆ ಪುಟಗಳನ್ನು ಇಳಿಸಿಕೊಂಡರು. ಹಾಗೆ ಉಳಿಸಿದ 600 ಗಿಗಾಬೈಟಿಗೂ ಮಿಗಿಲಾದ ಸಂಗ್ರಹವನ್ನು 2010ರಲ್ಲಿ ಎಲ್ಲರಿಗೂ ದೊರೆಯುವಂತೆ ಮಾಡಿದರು. ಉಳಿದದ್ದು ಉಳಿಯಿತು, ಅವರ ಕೈಗೆ ಎಟುಕದ್ದು ಹೋಯಿತು.

ಇದಕ್ಕಿಂತ ಮೊದಲೇ, 1996ರಲ್ಲಿ, ಬ್ರೂಸ್ಟರ್ ಕಾಲ್ ಎಂಬುವರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಂಟರ್‌ನೆಟ್ ಆರ್ಕೈವ್ ಎಂಬ ಲಾಭರಹಿತ ಗ್ರಂಥಾಲಯವನ್ನು ಸ್ಥಾಪಿಸಿ ಜಾಲಪುಟಗಳ ಪ್ರತಿಗಳನ್ನು ಕೂಡಿಡತೊಡಗಿದ್ದರು. 2001ರಿಂದ ವೇಬ್ಯಾಕ್ ಮಷೀನ್ ಎಂಬ ಹೆಸರಿನಲ್ಲಿ ಆ ಹಳೆಯ ಪ್ರತಿಗಳನ್ನು ಯಾರು ಬೇಕಾದರೂ ನೋಡಬಹುದಾಗಿದೆ. 2025ರ ಅಕ್ಟೋಬರಿನಲ್ಲಿ ಅಲ್ಲಿ ಸಂಗ್ರಹವಾದ ಪುಟಗಳ ಸಂಖ್ಯೆ ಒಂದು ಲಕ್ಷ ಕೋಟಿಯನ್ನು ಮುಟ್ಟಿತು.

ಮಾಸ್ತರರ ಮೊಮ್ಮಗ, ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ತಾತನ ಹಳೆಯ ವಿಳಾಸವನ್ನು ಅಲ್ಲಿ ಕೊಟ್ಟು ನೋಡಿದನು. "ಅಜ್ಜಾ, ಎಲ್ಲಾ ಹೋಗಿಲ್ಲ, ಒಂದ ಕಡೆ ನಕಲು ಉಳದೈತಿ" ಎಂದು ಅವನು ಕೂಗಿದಾಗ ಮಾಸ್ತರರ ಕಣ್ಣು ಒದ್ದೆಯಾದುದನ್ನು ನಾವು ಕಂಡಿದ್ದೇವೆ. ಆದರೆ ಸಂತೋಷದ ಬೆನ್ನಿಗೇ ಹೊಸ ತೊಡಕೊಂದು ಕಾದಿತ್ತು.

ಪುಟದ ಒಳಗೆ ಇರುವುದೇನು

ಉಳಿದ ಪುಟಗಳು ನೂರಾರು. ಒಂದೊಂದನ್ನೇ ತೆರೆದು, ಹಾಡನ್ನು ನಕಲಿಸಿ, ಚಿತ್ರವನ್ನು ಉಳಿಸಿ, ಹೆಸರು ಕೊಟ್ಟು ಇಡುವುದೆಂದರೆ ತಿಂಗಳುಗಳ ಕೆಲಸ. ನಡುವೆ ಕೈತಪ್ಪುಗಳೂ ಅನಿವಾರ್ಯ. ಈ ಕೆಲಸವನ್ನು ಗಣಕಯಂತ್ರಕ್ಕೇ ವಹಿಸುವ ವಿದ್ಯೆಗೆ ವೆಬ್ ಸ್ಕ್ರೇಪಿಂಗ್ ಎಂದು ಹೆಸರು. ಪುಟಗಳಿಂದ ಬೇಕಾದ ದತ್ತಾಂಶವನ್ನೂ ಚಿತ್ರಗಳನ್ನೂ ಕೆರೆದು, ಆಯ್ದು, ಒಪ್ಪವಾಗಿ ಕೂಡಿಡುವುದು ಎಂದು ಇದರ ತಾತ್ಪರ್ಯ.

ನಮ್ಮ ಕಣ್ಣಿಗೆ ಜಾಲಪುಟ ಒಂದು ಚಿತ್ರಪಟದಂತೆ ಕಾಣುತ್ತದೆ. ಯಂತ್ರದ ದೃಷ್ಟಿಗೆ ಅದು ಬರಿಯ ಬರಹ. ಆ ಬರಹಕ್ಕೆ ಎಚ್‌ಟಿಎಂಎಲ್ ಎಂಬ ಗುರುತುಗಳ ಭಾಷೆಯಿದೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಬೇರೊಂದು ಪುಟಕ್ಕೆ ಒಯ್ಯುವ ಕೊಂಡಿ, ಇದು ಚಿತ್ರ ಎಂದು ಪ್ರತಿ ಭಾಗದ ಹಿಂದು ಮುಂದೆ ಟ್ಯಾಗ್ ಎಂಬ ಗುರುತುಗಳು ಇರುತ್ತವೆ. ಕೆಲವು ಗುರುತುಗಳಿಗೆ ಪುಟವನ್ನು ಕಟ್ಟಿದವರು ತಾವೇ ಒಂದು ಹೆಸರನ್ನೂ ಕೊಟ್ಟಿರುತ್ತಾರೆ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಹೀಗೆ ಗುರುತುಗಳು ಅಡಗಿ ಇಡೀ ಪುಟ ಒಂದು ವಂಶವೃಕ್ಷದ ಆಕಾರವನ್ನು ಪಡೆಯುತ್ತದೆ. ಕಾಂಡ, ಕೊಂಬೆ, ರೆಂಬೆ, ಎಲೆ. ಹಾಡು ಒಂದು ಎಲೆಯಲ್ಲಿದ್ದರೆ ಜಾಹೀರಾತು ಇನ್ನೊಂದು ಎಲೆಯಲ್ಲಿ.

ಪುಟದಲ್ಲಿ ಕಾಳೂ ಇದೆ, ಹೊಟ್ಟೂ ಇದೆ. ಮೇಲ್ಭಾಗದ ಪಟ್ಟಿ, ಬದಿಯ ಜಾಹೀರಾತು, ಅಡಿಯ ಸೂಚನೆ ಇವೆಲ್ಲ ಹೊಟ್ಟು. ಹಾಡು, ಹಾಡಿದವರ ಊರು, ಬರೆದುಕೊಂಡ ವರ್ಷ, ಚಿತ್ರ ಇವು ಕಾಳು. ಮೊರದಲ್ಲಿ ಕೇರುವಾಗ ತಾಯಂದಿರು ಗಾಳಿಯ ದಿಕ್ಕನ್ನೂ ಕಾಳಿನ ತೂಕವನ್ನೂ ಅರಿತು ಕೈ ಆಡಿಸುತ್ತಾರೆ. ಜೋಳಕ್ಕೆ ಒಂದು ಜರಡಿಯಾದರೆ ರವೆಗೆ ಇನ್ನೊಂದು. ಇಲ್ಲಿಯೂ ಹಾಗೆಯೇ, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಜರಡಿಯನ್ನು ಯಂತ್ರಕ್ಕೆ ನಾವೇ ಹೆಣೆದು ಕೊಡಬೇಕು. ಆ ಜರಡಿಯ ಹೆಸರೇ ನಿಯಮಾವಳಿ.

ನಿಯಮಾವಳಿಯ ಸ್ವರೂಪ

ಮೊಮ್ಮಗ ಮೊದಲು ಬರೆದ ಕಾರ್ಯಕ್ರಮದಲ್ಲಿ ಎಲ್ಲವೂ ಒಂದೇ ಮುದ್ದೆಯಾಗಿತ್ತು. ಪುಟವನ್ನು ತರುವ ಆಜ್ಞೆ, ಹಾಡನ್ನು ಆರಿಸುವ ಆಜ್ಞೆ, ಉಳಿಸುವ ಆಜ್ಞೆ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದವು. ಮಾಸ್ತರರ ಬೇರೊಂದು ಬಗೆಯ ಪುಟ ಎದುರಾದೊಡನೆ ಇಡೀ ಕಾರ್ಯಕ್ರಮವನ್ನು ಬಿಚ್ಚಿ ಕಟ್ಟಬೇಕಾಯಿತು. ಆಗ ಅವನ ಅಧ್ಯಾಪಕರು ಒಂದು ವಿವೇಕವನ್ನು ಹೇಳಿಕೊಟ್ಟರು: ಕೆಲಸ ಮಾಡುವ ಯಂತ್ರವೇ ಬೇರೆ ಇರಲಿ, ಹೀಗೆ ಮಾಡು ಎಂದು ತಿಳಿಸುವ ಪಟ್ಟಿಯೇ ಬೇರೆ ಇರಲಿ. ಹಿಟ್ಟಿನ ಗಿರಣಿ ಒಂದೇ. ಗೋಧಿಗೂ ಕಡಲೆಗೂ ತಕ್ಕಂತೆ ಕಲ್ಲಿನ ಅಂತರವನ್ನು ಹೊಂದಿಸುತ್ತಾರೆಯೇ ಹೊರತು ಗಿರಣಿಯನ್ನೇ ಹೊಸದಾಗಿ ಕಟ್ಟುವುದಿಲ್ಲ. ಬದಲಾಯಿಸಬಲ್ಲ ನಿಯಮಗಳನ್ನು ಪ್ರತ್ಯೇಕವಾದ ಒಂದು ಕಡತದಲ್ಲಿ ಇರಿಸುವ ಪದ್ಧತಿಯ ಸೊಗಸು ಇದೇ.

ಆ ಕಡತದಲ್ಲಿ ಆರು ಸಂಗತಿಗಳು ಇದ್ದವು. ಮೊದಲನೆಯದು, ಎಲ್ಲಿಂದ ಆರಂಭಿಸಬೇಕು ಎಂಬ ವಿಳಾಸ. ಎರಡನೆಯದು, ಯಾವ ಕೊಂಡಿಗಳನ್ನು ಹಿಂಬಾಲಿಸಬೇಕು, ಯಾವುದನ್ನು ಮುಟ್ಟಬಾರದು. ಮೂರನೆಯದು, ಪುಟದ ಯಾವ ಭಾಗದಲ್ಲಿರುವುದನ್ನು ಯಾವ ಹೆಸರಿನ ಅಂಕಣಕ್ಕೆ ಸೇರಿಸಬೇಕು. ನಾಲ್ಕನೆಯದು, ಆರಿಸಿದ ಭಾಗದಿಂದ ಯಾವುದನ್ನು ಕಳೆದುಹಾಕಬೇಕು. ಐದನೆಯದು, ಚಿತ್ರಗಳನ್ನು ಎಲ್ಲಿ, ಯಾವ ಹೆಸರಿನಿಂದ ಇಡಬೇಕು. ಆರನೆಯದು, ಒಂದು ಪುಟಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಕಾಯಬೇಕು. ಪುಟದ ವಿನ್ಯಾಸ ಬದಲಾದರೆ ಈ ಪಟ್ಟಿಯ ಒಂದೆರಡು ಸಾಲುಗಳನ್ನು ತಿದ್ದಿದರಾಯಿತು. ಕಾರ್ಯಕ್ರಮ ಬರೆಯಲು ಬಾರದವರೂ ಸ್ವಲ್ಪ ಅಭ್ಯಾಸದಿಂದ ಅದನ್ನು ತಿದ್ದಬಲ್ಲರು. ಎಂಬತ್ತರ ಸಮೀಪದ ಮಾಸ್ತರರೇ ಕೊನೆಗೆ ಎರಡು ಸಾಲುಗಳನ್ನು ತಿದ್ದಿದರು.

ಪುಟದ ಭಾಗವನ್ನು ಯಂತ್ರಕ್ಕೆ ಬೆರಳು ಮಾಡಿ ತೋರಿಸುವುದು ಹೇಗೆ? ಇದಕ್ಕೆ ಮುಖ್ಯವಾಗಿ ಮೂರು ಬಗೆಗಳುಂಟು. ಪುಟದ ಸಿಂಗಾರಕ್ಕೆಂದು 1996ರಲ್ಲಿ ರೂಪಿತವಾದ ಸಿಎಸ್‌ಎಸ್ ಎಂಬ ಭಾಷೆಯ ಆಯ್ಕೆಸೂತ್ರಗಳು ಒಂದು. ಇಂಥ ಹೆಸರಿನ ಪೆಟ್ಟಿಗೆಯೊಳಗಿನ ಶೀರ್ಷಿಕೆ ಎಂದು ಅವು ಸುಲಭವಾಗಿ ಹೇಳುತ್ತವೆ. 1999ರಲ್ಲಿ ಪ್ರಮಾಣಿತವಾದ ಎಕ್ಸ್‌ಪಾತ್ ಎಂಬ ದಾರಿಸೂತ್ರ ಎರಡನೆಯದು. ಬೇರಿನಿಂದ ಹೊರಟು ಯಾವ ಕೊಂಬೆ, ಅದರ ಎಷ್ಟನೆಯ ರೆಂಬೆ ಎಂದು ವಂಶವೃಕ್ಷದ ದಾರಿಯನ್ನೇ ಅದು ವಿವರಿಸಬಲ್ಲದು. ಮೂರನೆಯದು ರೆಗ್ಯುಲರ್ ಎಕ್ಸ್‌ಪ್ರೆಶನ್. 1950ರ ದಶಕದಲ್ಲಿ ಗಣಿತಜ್ಞ ಸ್ಟೀಫನ್ ಕ್ಲೀನಿ ಅವರ ಚಿಂತನೆಯಿಂದ ಹುಟ್ಟಿದ ಈ ಸೂತ್ರ ಅಕ್ಷರಗಳ ಮಾದರಿಯನ್ನು ಗುರುತಿಸುತ್ತದೆ. 'ಸಂಗ್ರಹ' ಎಂಬ ಪದದ ಮುಂದೆ ನಾಲ್ಕು ಅಂಕಿಗಳು ಒಟ್ಟಾಗಿ ಬಂದರೆ ಅದನ್ನು ವರ್ಷವೆಂದು ತೆಗೆದುಕೋ ಎಂದು ಹೇಳುವುದಕ್ಕೆ ಇದೇ ಸರಿ. ಆದರೆ ಒಂದರೊಳಗೊಂದು ಅಡಗಿದ ಗುರುತುಗಳನ್ನು ಬಿಡಿಸಲು ಇದೊಂದನ್ನೇ ನೆಚ್ಚಿದರೆ ತಪ್ಪಾಗುತ್ತದೆ. ಮೊದಲು ದಾರಿಸೂತ್ರದಿಂದ ಕೊಂಬೆಯನ್ನು ಹಿಡಿದು, ಆ ಮೇಲೆ ಅಕ್ಷರಸೂತ್ರದಿಂದ ಎಲೆಯನ್ನು ಕೀಳುವುದು ಜಾಣತನ.

ಇಂತಹ ಕೆಲಸಕ್ಕೆ ಉಚಿತವಾದ ಸಾಧನಗಳು ಹಲವಾರಿವೆ. ಇಡೀ ತಾಣವನ್ನೇ ಇದ್ದಂತೆ ಇಳಿಸಿಕೊಳ್ಳುವ ವಿಗೆಟ್ 1996ರಲ್ಲಿ, ಎಚ್‌ಟಿಟ್ರ್ಯಾಕ್ 1998ರಲ್ಲಿ ಬಂದವು. ಪೈಥಾನ್ ಭಾಷೆಯನ್ನು ಬಲ್ಲವರಿಗೆ 2004ರಲ್ಲಿ ಲೆನರ್ಡ್ ರಿಚರ್ಡ್‌ಸನ್ ಅವರು ಬಿಡುಗಡೆ ಮಾಡಿದ ಬ್ಯೂಟಿಫುಲ್ ಸೂಪ್ ಎಂಬ ಸಾಧನವೂ, 2008ರಲ್ಲಿ ಬಂದ ಸ್ಕ್ರೇಪಿ ಎಂಬುದೂ ಪರಿಚಿತ. ಇಂದಿನ ಹಲವು ಪುಟಗಳು ಖಾಲಿಯಾಗಿ ಬಂದು, ತೆರೆದ ಮೇಲೆ ತಮ್ಮೊಳಗಿನ ಕಾರ್ಯಕ್ರಮದಿಂದ ತುಂಬಿಕೊಳ್ಳುತ್ತವೆ. ಅಂಥವಕ್ಕೆ ಸೆಲೆನಿಯಂ, ಪ್ಲೇರೈಟ್ ಮೊದಲಾದ, ನಿಜವಾದ ಬ್ರೌಸರನ್ನೇ ನಡೆಸುವ ಸಾಧನಗಳು ಬೇಕು. ಮಾಸ್ತರರ ಪುಟಗಳು ಹಳೆಯ ಕಾಲದ ಸರಳ ಪುಟಗಳಾದ್ದರಿಂದ ಆ ಕಷ್ಟವಿರಲಿಲ್ಲ.

ಚಿತ್ರಗಳ ಗೋಜು

ಚಿತ್ರದ ವಿಷಯದಲ್ಲಿ ಸಾಮಾನ್ಯರು ತಿಳಿಯದ ಒಂದು ಸಂಗತಿಯಿದೆ. ಜಾಲಪುಟದಲ್ಲಿ ಚಿತ್ರ ಕಂಡರೂ ಸಾಮಾನ್ಯವಾಗಿ ಅದು ಪುಟದೊಳಗೆ ಇರುವುದಿಲ್ಲ. ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಅಲ್ಲಿ ಬರೆದಿರುತ್ತದೆ. ಆದ್ದರಿಂದ ಪುಟವನ್ನಷ್ಟೇ ಉಳಿಸಿ ಚಿತ್ರವೂ ಉಳಿಯಿತೆಂದು ನಂಬಿದವರು ಮುಂದೆ ಖಾಲಿ ಚೌಕಗಳನ್ನು ನೋಡಬೇಕಾಗುತ್ತದೆ. ಇನ್ನು ಆ ವಿಳಾಸವೂ ಬಹುತೇಕ ಅರ್ಧ ವಿಳಾಸ. 'ಪಕ್ಕದ ಕೋಣೆಯ ಮೂರನೆಯ ಗೂಡು' ಎಂದಂತೆ, ಪುಟ ಇರುವ ಸ್ಥಳದಿಂದ ಎಣಿಸಿ ಹೇಳಿದ್ದು. ಅದನ್ನು ಊರು, ಓಣಿ, ಮನೆಯೊಡನೆ ಪೂರ್ಣ ವಿಳಾಸವನ್ನಾಗಿ ಮಾಡಿದ ಮೇಲೆಯೇ ಚಿತ್ರವನ್ನು ತರಲು ಸಾಧ್ಯ.

ಮೊದಲ ಸಲ ನಿಯಮಾವಳಿಯನ್ನು ಓಡಿಸಿದಾಗ ಎಲ್ಲ ಚಿತ್ರಗಳೂ ಬಂದವು, ಆದರೆ ಅಂಚೆಚೀಟಿಯಷ್ಟು ಸಣ್ಣವು. ಪುಟದಲ್ಲಿ ಕಾಣುತ್ತಿದ್ದುದು ಸಣ್ಣ ಪ್ರತಿ. ಅದನ್ನು ಒತ್ತಿದರೆ ತೆರೆಯುವ ಕೊಂಡಿಯಲ್ಲಿ ದೊಡ್ಡ ಪ್ರತಿ ಇತ್ತು. ಚಿತ್ರದ ಗುರುತನ್ನು ಬಿಟ್ಟು, ಅದನ್ನು ಸುತ್ತುವರಿದ ಕೊಂಡಿಯ ವಿಳಾಸವನ್ನು ಹಿಡಿ ಎಂದು ಒಂದು ಸಾಲು ತಿದ್ದಿದೊಡನೆ ಕೂರಿಗೆಯ ಬಟ್ಟಲು, ತಾಳು, ಕಟ್ಟಿದ ಹಗ್ಗದ ಗಂಟು ಸಮೇತ ಸ್ಪಷ್ಟವಾಗಿ ಕಾಣಿಸಿದವು. ಮೂಲದಲ್ಲಿ ಚಿತ್ರಗಳ ಹೆಸರು ಬರಿಯ ಅಂಕಿಗಳಾಗಿತ್ತು. ಹಾಗೆಯೇ ಇಟ್ಟರೆ ಯಾವುದು ಯಾವ ಊರಿನದೆಂದು ನಾಳೆ ಯಾರಿಗೂ ತಿಳಿಯದು. ಪುಟದ ಶೀರ್ಷಿಕೆ, ಊರು, ಕ್ರಮಸಂಖ್ಯೆಗಳನ್ನು ಜೋಡಿಸಿ ಹೊಸ ಹೆಸರು ಕೊಡುವಂತೆ ಇನ್ನೊಂದು ನಿಯಮವನ್ನು ಸೇರಿಸಲಾಯಿತು. ಮೂಲ ವಿಳಾಸವನ್ನೂ ಪಕ್ಕದಲ್ಲೇ ಬರೆದಿಡಲಾಯಿತು.

ವೇಬ್ಯಾಕ್ ಮಷೀನಿನ ಪ್ರತಿಗಳಿಗೆ ಇನ್ನೆರಡು ವಿಶೇಷಗಳಿವೆ. ಪ್ರತಿಯೊಂದು ಪ್ರತಿಯ ವಿಳಾಸದಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳನ್ನು ಸೂಚಿಸುವ 14 ಅಂಕಿಗಳ ಮುದ್ರೆ ಇರುತ್ತದೆ. ಪುಟವನ್ನು ಒಂದು ದಿನ, ಅದರ ಚಿತ್ರವನ್ನು ಇನ್ನೊಂದು ದಿನ ಸೆರೆಹಿಡಿದಿರುವುದೂ ಉಂಟು. ಚಿತ್ರವನ್ನು ಹಿಡಿಯದೆಯೇ ಬಿಟ್ಟಿರುವುದೂ ಉಂಟು. ಒಂದು ದಿನಾಂಕದಲ್ಲಿ ಸಿಗದಿದ್ದರೆ ಬೇರೆ ದಿನಾಂಕಗಳಲ್ಲಿ ಹುಡುಕು ಎಂದು ನಿಯಮ ಬರೆದುದರಿಂದ ಕೆಲವು ಚಿತ್ರಗಳು ಮರಳಿದವು. ಎರಡನೆಯದಾಗಿ, ಪ್ರತಿ ಪುಟದ ನೆತ್ತಿಯ ಮೇಲೆ ಆ ಗ್ರಂಥಾಲಯ ತನ್ನದೊಂದು ಪಟ್ಟಿಯನ್ನು ಸೇರಿಸಿರುತ್ತದೆ. ಅದನ್ನು ಕಳೆಯುವುದಕ್ಕೂ ನಿಯಮ ಬೇಕು.

ಕನ್ನಡದ ತೊಡಕು

ಇಷ್ಟೆಲ್ಲ ಆದ ಮೇಲೆ ಹಾಡುಗಳು ಕಡತಕ್ಕೆ ಇಳಿದವು. ತೆರೆದು ನೋಡಿದರೆ ಒಂದಕ್ಷರವೂ ಕನ್ನಡವಲ್ಲ. ಇಂಗ್ಲಿಷಿನ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ರಾಶಿ. ಮಾಸ್ತರರು ಮುಖ ಬಾಡಿಸಿಕೊಂಡು ಎದ್ದೇ ಹೋದರು. ಇದರ ಕಾರಣವನ್ನು ನಮ್ಮ ಓದುಗರು ಅವಶ್ಯ ತಿಳಿಯಬೇಕು, ಏಕೆಂದರೆ ಆ ಕಾಲದ ಎಷ್ಟೋ ಕನ್ನಡ ಬರಹಗಳ ಗತಿ ಇದೇ ಆಗಿದೆ.

ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿ 1991ರಲ್ಲಿಯೇ ಬಂದಿತ್ತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವೂ ಇತ್ತು. ಆದರೆ ಅದು ಜನಬಳಕೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಅಕ್ಷರವಿನ್ಯಾಸಗಳು, ಅಂದರೆ ಫಾಂಟುಗಳು, ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆ. ಹುಡುಕುವ ಯಂತ್ರಗಳ ಕಣ್ಣಿಗೂ ಅದು ಕನ್ನಡವಲ್ಲ. ಹೀಗಾಗಿ ಆ ಪುಟ ಬದುಕಿದ್ದಾಗಲೂ ಹುಡುಕಿದವರಿಗೆ ದೊರೆಯುತ್ತಿರಲಿಲ್ಲ.

ಇದನ್ನು ಯೂನಿಕೋಡಿಗೆ ತಿರುಗಿಸುವುದೆಂದರೆ ಒಂದಕ್ಕೊಂದು ಅಕ್ಷರ ಬದಲಿಸಿದಷ್ಟು ಸುಲಭವಲ್ಲ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿದರೆ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಅರ್ಕಾವತ್ತನ್ನೇ ನೋಡಿರಿ. 'ಸೂರ್ಯ' ಎಂಬಲ್ಲಿ ರಕಾರವನ್ನು ಯಕಾರಕ್ಕಿಂತ ಮೊದಲು ನುಡಿಯುತ್ತೇವೆ; ಅರ್ಕಾವತ್ತಿನಿಂದ ಬರೆಯುವಾಗ ಅದರ ಗುರುತನ್ನು ಯಕಾರದ ಬಳಿಕ ಇಡುತ್ತೇವೆ. ಆದ್ದರಿಂದ ಪರಿವರ್ತನೆಯ ನಿಯಮಗಳು ಅರ್ಕಾವತ್ತನ್ನು ಹಿಂದಕ್ಕೆ ಸರಿಸಬೇಕು, ಒತ್ತಕ್ಷರ ಮತ್ತು ಸ್ವರಚಿಹ್ನೆಗಳ ಸ್ಥಾನವನ್ನು ಅದಲು ಬದಲು ಮಾಡಬೇಕು, ಎರಡು ಮೂರು ತುಂಡುಗಳಾಗಿ ಒಡೆದ ಅಕ್ಷರವನ್ನು ಒಂದಾಗಿ ಕೂಡಿಸಬೇಕು. ಮೊಮ್ಮಗ ಈ ಪರಿವರ್ತನೆಯನ್ನೂ ನಿಯಮಾವಳಿಯ ಒಂದು ಅಂಗವನ್ನಾಗಿ ಸೇರಿಸಿದನು. ಮರುದಿನ ಪರದೆಯ ಮೇಲೆ ಹಾಡಿನ ಮೊದಲ ಸಾಲು ಕನ್ನಡದಲ್ಲಿ ಮೂಡಿದಾಗ ಮಾಸ್ತರರು ಅದನ್ನು ಓದಲಿಲ್ಲ. ಬೀಸುವ ಧಾಟಿಯಲ್ಲಿ ಹಾಡಿಯೇ ಬಿಟ್ಟರು.

ಯಂತ್ರದ ಮೇಲೆ ಕಣ್ಣಿರಲಿ

ಯಂತ್ರ ತಪ್ಪು ಮಾಡಿದಾಗ ಕೂಗಿ ಹೇಳುವುದಿಲ್ಲ. ಇದು ಈ ವಿದ್ಯೆಯ ದೊಡ್ಡ ಅಪಾಯ. ಮಾಸ್ತರರು ಕೆಲವು ವರ್ಷಗಳ ನಂತರ ತಮ್ಮ ಪುಟಗಳ ವಿನ್ಯಾಸವನ್ನು ಬದಲಿಸಿದ್ದರು. ಆ ಪುಟಗಳ ಮೇಲೆ ಹಳೆಯ ನಿಯಮ ಓಡಿದಾಗ ಹಾಡಿನ ಜಾಗದಲ್ಲಿ ಖಾಲಿ ಸಾಲು ಉಳಿಯಿತು. ಇನ್ನು ಕೆಲವೆಡೆ ಅಡಿಟಿಪ್ಪಣಿಯೇ ಹಾಡೆಂದು ದಾಖಲಾಯಿತು. ಕೆಲಸ ಮುಗಿಯಿತೆಂದು ಯಂತ್ರ ಹೇಳಿತ್ತು. ಪಟ್ಟಿಯನ್ನು ಕಣ್ಣಿಟ್ಟು ಓದಿದ ಮಾಸ್ತರರಿಗೆ ಮಾತ್ರ ತಪ್ಪು ಗೊತ್ತಾಯಿತು.

ಆದ್ದರಿಂದ ಮೊದಲು ಹತ್ತು ಪುಟಗಳ ಮೇಲೆ ಮಾತ್ರ ನಿಯಮವನ್ನು ಪ್ರಯೋಗಿಸಿ ಪ್ರತಿಯೊಂದನ್ನೂ ಮೂಲದೊಡನೆ ಹೋಲಿಸಬೇಕು. ಸೂಚಿಯಲ್ಲಿರುವ ಹಾಡುಗಳ ಸಂಖ್ಯೆಯೂ ಉಳಿಸಿದ ಹಾಡುಗಳ ಸಂಖ್ಯೆಯೂ ತಾಳೆಯಾಗಬೇಕು. ಖಾಲಿ ಉಳಿದ ಅಂಕಣಗಳನ್ನು ಬೇರೆಯಾಗಿ ಪಟ್ಟಿ ಮಾಡಿಸಬೇಕು. ಮೂಲಪುಟವನ್ನು ಎಂದಿಗೂ ಅಳಿಸಬಾರದು. ಆಯ್ದ ಕಾಳಿನ ಜೊತೆಗೆ ಕೇರದ ರಾಶಿಯನ್ನೂ ಇಟ್ಟುಕೊಳ್ಳಬೇಕು. ನಾಳೆ ಇನ್ನೂ ಒಳ್ಳೆಯ ಜರಡಿ ದೊರೆತೀತು. ದೊಡ್ಡ ಗ್ರಂಥಾಲಯಗಳು ಇದಕ್ಕೆಂದೇ ವಾರ್ಕ್ ಎಂಬ ಕಡತಸ್ವರೂಪವನ್ನು ಬಳಸುತ್ತವೆ. ಅದು 2009ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮನೆಯ ಮಟ್ಟಕ್ಕೆ ಒಂದು ಕೋಷ್ಟಕ, ಚಿತ್ರಗಳ ಫೋಲ್ಡರ್, ಮೂಲಪುಟಗಳ ಫೋಲ್ಡರ್ ಇಷ್ಟಿದ್ದರೆ ಸಾಕು.

ಮರ್ಯಾದೆಯ ಎಲ್ಲೆ

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧ ಮಾತನ್ನಷ್ಟೇ ಹೇಳಿದಂತಾದೀತು. ಕೈಗೆ ಎಟುಕುವುದೆಲ್ಲ ನಮ್ಮದಲ್ಲ. ತೆರೆದ ಬಾಗಿಲಿನ ಮನೆ ಕಂಡರೆ ಒಳಹೊಕ್ಕು ಕಣಜ ಬಳಿಯುವುದು ಸಂಗ್ರಹವಲ್ಲ, ಕಳವು.

ತಾಣಗಳು ಯಂತ್ರಗಳಿಗೆ ತಮ್ಮ ಇಚ್ಛೆಯನ್ನು ತಿಳಿಸಲು ರೋಬಾಟ್ಸ್ ಎಂಬ ಹೆಸರಿನ ಒಂದು ಸಣ್ಣ ಕಡತವನ್ನು ಇಟ್ಟಿರುತ್ತವೆ. ಮಾರ್ಟೈನ್ ಕೋಸ್ಟರ್ ಅವರು 1994ರಲ್ಲಿ ಸೂಚಿಸಿದ ಈ ರೂಢಿ 2022ರಲ್ಲಿ ಅಧಿಕೃತ ಮಾನಕದ ಸ್ವರೂಪವನ್ನು ಪಡೆಯಿತು. ಇಲ್ಲಿ ಬರಬೇಡ ಎಂದು ಬರೆದ ಕಡೆಗೆ ಹೋಗಬಾರದು. ಹೋದಲ್ಲಿಯೂ ಒಂದೇ ಉಸಿರಿಗೆ ಸಾವಿರ ಪುಟಗಳನ್ನು ಕೇಳಬಾರದು. ಒಂದೊಂದರ ನಡುವೆ ಕೆಲವು ಸೆಕೆಂಡುಗಳಾದರೂ ಬಿಡುವು ಕೊಡಬೇಕು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆ 2025ರ ಏಪ್ರಿಲಿನಲ್ಲಿ ತಿಳಿಸಿದಂತೆ, 2024ರ ಜನವರಿಯಿಂದ ಅದರ ಚಿತ್ರ ಮತ್ತು ದೃಶ್ಯಗಳ ಇಳಿಕೆಗೆ ತಗಲುವ ಸಂಪರ್ಕಭಾರ ಶೇಕಡಾ 50ರಷ್ಟು ಹೆಚ್ಚಿತು. ಅದರ ಮುಖ್ಯ ಕಾರಣ ಓದುಗರಲ್ಲ, ಕೃತಕ ಬುದ್ಧಿಮತ್ತೆಯ ತರಬೇತಿಗಾಗಿ ಚಿತ್ರಗಳನ್ನು ಬಾಚುವ ಯಂತ್ರಗಳು. ಊರ ಬಾವಿಯಲ್ಲಿ ಎಲ್ಲರೂ ಕೊಡದಿಂದ ಸೇದುತ್ತಿರುವಾಗ ಒಬ್ಬ ಪಂಪು ಹಚ್ಚಿದಂತೆ ಇದು.

ನಮ್ಮ ದೇಶದ ಕಾನೂನನ್ನೂ ಅರಿತಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಮರಣಾನಂತರವೂ 60 ವರ್ಷಗಳ ಕಾಲ ಅವನ ಬರಹದ ಮೇಲೆ ಹಕ್ಕು ಉಳಿಯುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮು ಒಡೆಯನ ಅನುಮತಿಯಿಲ್ಲದೆ ಗಣಕಯಂತ್ರದಿಂದ ದತ್ತಾಂಶವನ್ನು ಇಳಿಸಿಕೊಳ್ಳುವುದನ್ನೂ ನಕಲಿಸುವುದನ್ನೂ ತಪ್ಪೆಂದು ಪರಿಗಣಿಸುತ್ತದೆ. ವ್ಯಕ್ತಿಗಳ ಖಾಸಗಿ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನು ಅಂಗೀಕರಿಸಿತು. ಮಾಸ್ತರರು ಉಳಿಸಿಕೊಂಡದ್ದು ತಾವೇ ಬರೆದ, ತಾವೇ ತೆಗೆದ ಸಂಗ್ರಹವನ್ನು, ಅಲ್ಲಿ ಸಂದೇಹವಿಲ್ಲ. ಬೇರೆಯವರದನ್ನು ಮುಟ್ಟುವ ಮುನ್ನ ಕೇಳುವುದೇ ಸಭ್ಯತೆ.

ಮುಖಗಳ ಚಿತ್ರದ ವಿಷಯದಲ್ಲಂತೂ ಹತ್ತು ಪಟ್ಟು ಎಚ್ಚರ ಬೇಕು. ಕ್ಲಿಯರ್‌ವ್ಯೂ ಎಐ ಎಂಬ ಅಮೆರಿಕದ ಕಂಪನಿ ಇದೇ ವಿದ್ಯೆಯಿಂದ ಅಂತರಜಾಲದ ಕೋಟ್ಯಂತರ ಮುಖಚಿತ್ರಗಳನ್ನು ಅವರವರ ಅನುಮತಿಯಿಲ್ಲದೆ ಬಾಚಿ, ಮುಖದಿಂದ ವ್ಯಕ್ತಿಯನ್ನು ಗುರುತಿಸುವ ವ್ಯವಸ್ಥೆಯನ್ನು ಕಟ್ಟಿತು. 2020ರ ಜನವರಿಯಲ್ಲಿ ಪತ್ರಿಕೆಯ ವರದಿಯಿಂದ ಅದು ಬಯಲಾಯಿತು. 2022ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಪ್ರಾಧಿಕಾರಗಳು ತಲಾ 2 ಕೋಟಿ ಯೂರೋ, 2024ರಲ್ಲಿ ನೆದರ್‌ಲ್ಯಾಂಡ್ಸಿನ ಪ್ರಾಧಿಕಾರ 3.05 ಕೋಟಿ ಯೂರೋ ದಂಡ ವಿಧಿಸಿದವು. ಮಗಳ ಮದುವೆಯ, ಮೊಮ್ಮಕ್ಕಳ ಹುಟ್ಟುಹಬ್ಬದ ಚಿತ್ರಗಳನ್ನು ಎಲ್ಲರಿಗೂ ತೆರೆದಿಡುವ ಮುನ್ನ ನಮ್ಮ ಮನೆಗಳವರು ಇದನ್ನು ನೆನೆಯಬೇಕು. ಕಾಪಿಡುವ ಜರಡಿಯೇ ಕದಿಯುವ ಜರಡಿಯೂ ಆಗಬಲ್ಲದು; ಭೇದವಿರುವುದು ಹಿಡಿದ ಕೈಯಲ್ಲಿ.

ಉಳಿದದ್ದು, ಉಳಿಯದ್ದು

ಕೊನೆಗೆ ಹಾಡುಗಳಲ್ಲಿ ಹೆಚ್ಚಿನ ಪಾಲು ಮರಳಿತು. ಚಿತ್ರಗಳಲ್ಲಿ ಅರ್ಧದಷ್ಟು ಮಾತ್ರ. ಇಂಟರ್‌ನೆಟ್ ಆರ್ಕೈವ್ ಹಿಡಿಯದೆ ಬಿಟ್ಟ ಚಿತ್ರಗಳನ್ನು ಯಾವ ನಿಯಮಾವಳಿಯೂ ಸೃಷ್ಟಿಸಲಾರದು. ಮಾಸ್ತರರಿಗೆ ಅತಿಯಾಗಿ ಪ್ರಿಯವಾಗಿದ್ದ, ಹಾಡು ಹೇಳಿಕೊಟ್ಟ ಮುದುಕಿಯೊಬ್ಬರು ಬೀಸುವ ಕಲ್ಲಿನ ಮುಂದೆ ಕುಳಿತ ಚಿತ್ರ ಹೋದದ್ದು ಹೋಯಿತು. ಆ ತಾಯಿ ತೀರಿಕೊಂಡು ವರ್ಷಗಳಾಗಿವೆ. ಅವರ ಮನೆಯಲ್ಲಿಯೂ ಬೇರೆ ಚಿತ್ರವಿಲ್ಲ. "ಪದ ಉಳೀತು, ಪದಾ ಹಾಡಿದಾಕಿ ಮಾರಿ ಉಳೀಲಿಲ್ಲ" ಎಂದು ಮಾಸ್ತರರು ಆಡಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಒಂದೇ ಗ್ರಂಥಾಲಯವನ್ನು ನೆಚ್ಚಿ ಕೂರುವುದೂ ಸರಿಯಲ್ಲ. ಆ ಇಂಟರ್‌ನೆಟ್ ಆರ್ಕೈವ್ ಮೇಲೆಯೇ 2024ರ ಅಕ್ಟೋಬರಿನಲ್ಲಿ ದಾಳಿ ನಡೆದು ಅದರ ಸೇವೆ ಕೆಲವು ದಿನ ಸ್ಥಗಿತವಾಗಿತ್ತು. ಆದ್ದರಿಂದ ಬಲ್ಲವರು ಮೂರು ಪ್ರತಿಗಳ ಸೂತ್ರವನ್ನು ಹೇಳುತ್ತಾರೆ. ಒಟ್ಟು ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಊರಿನಲ್ಲಿರಲಿ. ಮಾಸ್ತರರ ಸಂಗ್ರಹ ಈಗ ಅವರ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಮಗಳ ಊರಿನ ಗಣಕಯಂತ್ರದಲ್ಲಿ, ಮತ್ತು ಹಾಳೆಯ ಮೇಲೆ ಅಚ್ಚಾಗಿ ಊರ ಗ್ರಂಥಾಲಯದಲ್ಲಿ ಹೀಗೆ ಮೂರು ಕಡೆ ಇದೆ.

ಓದುಗ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ನಿಮ್ಮ ಮನೆತನದ, ಊರಿನ, ಸಂಘದ ಯಾವ ನೆನಪು ಅಂತರಜಾಲದಲ್ಲಿ ಮಾತ್ರ ಇದೆಯೆಂಬುದನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿರಿ. ಮನೆಯಲ್ಲಿ ಕಲಿತ ಮಕ್ಕಳಿದ್ದರೆ ಆ ಪಟ್ಟಿಯನ್ನು ಅವರ ಕೈಗಿತ್ತು, ಬರಹದೊಡನೆ ಚಿತ್ರಗಳನ್ನೂ ಇಳಿಸಿ, ಹೆಸರು ಊರು ವರ್ಷಗಳನ್ನು ಬರೆದಿಡಲು ಹೇಳಿರಿ. ಹಿರಿಯರು ಪಕ್ಕದಲ್ಲಿ ಕುಳಿತು ತಾಳೆ ನೋಡಿರಿ. ಯಾವ ಚಿತ್ರ ಯಾರದೆಂದು ಬಲ್ಲವರು ನೀವೇ. ಸೇವೆ ನಿಲ್ಲಿಸುವ ಪತ್ರ ಬರುವವರೆಗೆ ಕಾಯಬೇಡಿರಿ. ಮಾಸ್ತರರಿಗೆ ಬಂದ ಆ ಪತ್ರವನ್ನು ಅವರು ಇಂದಿನವರೆಗೂ ಓದಿಲ್ಲ.